ಬಸ್ಸಿನಲ್ಲಿ ಬಾಳುವ ಏರ್ ಸಸ್ಪೆನ್ಷನ್ ಕಾರಿನಲ್ಲಿ ಯಾಕೆ ಕೈಕೊಡುತ್ತದೆ?

ಹಾಸನದ_ಹೊಸಬ

ಎಲ್ಲರಿಗೂ ನಮಸ್ಕಾರ. ಒಂದು ಹಳೆಯ ಜರ್ಮನ್ ಎಸ್‌ಯುವಿ ಮೇಲೆ ಕಣ್ಣು ಬಿದ್ದಿದೆ. 2014ರ ಮಾಡೆಲ್, ಏಳು ಸೀಟು, ನಾಲ್ಕೂ ಚಕ್ರಕ್ಕೆ ಏರ್ ಸಸ್ಪೆನ್ಷನ್. ಬೆಲೆ ಹೊಸ ಇನ್ನೋವಾಗಿಂತ ಕಡಿಮೆ ಹೇಳುತ್ತಿದ್ದಾರೆ, ಅನುಮಾನ ಬಂದಿದ್ದೇ ಅಲ್ಲಿ. ನಮ್ಮ ಊರಿನ ಮೆಕ್ಯಾನಿಕ್ ಹತ್ತಿರ ವಿಷಯ ಎತ್ತಿದರೆ "ಗಾಳಿ ಗಾಡಿನಾ? ಬೇಡ ಸುಮ್ನಿರಿ, ಬೆಳಿಗ್ಗೆ ಎದ್ದು ನೋಡಿದರೆ ನೆಲಕ್ಕೆ ಕೂತಿರುತ್ತದೆ" ಅಂದರು.

ನನ್ನ ಪ್ರಶ್ನೆ ಎರಡು. ಒಂದು, ಒಳಗೆ ನಿಜವಾಗಿ ಏನು ನಡೆಯುತ್ತದೆ? ಎರಡು, ಬೆಂಗಳೂರು–ಮಂಗಳೂರು ಓಡಾಡುವ ಐರಾವತಕ್ಕೂ ಗಾಳಿಯ ಸಸ್ಪೆನ್ಷನ್ನೇ ಅಲ್ವಾ? ಅದೇ ಶಿರಾಡಿ ಘಾಟಿ, ಅದೇ ಗುಂಡಿ, ಅದೇ ಮಳೆ. ಅವು ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತವೆ. ಕಾರಿಗೆ ಮಾತ್ರ ಯಾಕೆ ಈ ಕೆಟ್ಟ ಹೆಸರು?

ಟ್ಯಾಕ್ಸಿ_ಟ್ರಿಪ್

ಬೇಡ ಸರ್. ಇನ್ನೋವಾ ತಗೊಂಡು ನೆಮ್ಮದಿಯಾಗಿರಿ. ಕಾಯಿಲ್ ಸ್ಪ್ರಿಂಗ್ ಮುರಿದರೆ ಚನ್ನರಾಯಪಟ್ಟಣದಲ್ಲೂ ಸಿಗುತ್ತದೆ. ಆ ಗಾಳಿ ಬೆಲ್ಲೋ, ಅದೇ ಸ್ಪ್ರಿಂಗ್ ಬದಲಿಗೆ ಇರುವ ರಬ್ಬರ್ ಚೀಲ, ಎಲ್ಲಿ ಸಿಗುತ್ತದೆ?

ಮಂಡ್ಯ_ಮೆಕ್ಯಾನಿಕಲ್

ಟ್ಯಾಕ್ಸಿಯವರ ಮಾತು ತಳ್ಳಿಹಾಕುವುದಿಲ್ಲ. ಆದರೆ ಇವರು ಕೇಳಿದ್ದು ಅದು ಹೇಗೆ ಕೆಲಸ ಮಾಡುತ್ತದೆ ಅಂತ, ಆದ್ದರಿಂದ ಮೊದಲು ಅದು.

ಏರ್ ಸಸ್ಪೆನ್ಷನ್ ಅಂದರೆ ಶಾಕ್ ಅಬ್ಸಾರ್ಬರ್ ಅಲ್ಲ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್, ಆ ಸ್ಪ್ರಿಂಗ್ ಮೇಲೆ ಗಾಡಿ ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್. ಇಲ್ಲಿ ಬದಲಾಗುವುದು ಮೊದಲನೆಯದು ಮಾತ್ರ. ಉಕ್ಕಿನ ಸ್ಪ್ರಿಂಗ್ ಹೋಗಿ ಅದರ ಜಾಗಕ್ಕೆ ಗಾಳಿ ತುಂಬಿದ ರಬ್ಬರ್ ಚೀಲ ಬರುತ್ತದೆ. ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಇದ್ದೇ ಇರುತ್ತದೆ. ಕೆಲವು ಕಾರುಗಳಲ್ಲಿ ಎರಡೂ ಸ್ಟ್ರಟ್ ಅನ್ನುವ ಒಂದೇ ಕಂಬದಲ್ಲಿ ಕೂತಿರುವುದರಿಂದ ಜನ ಒಂದೇ ಅಂದುಕೊಳ್ಳುತ್ತಾರೆ.

ಆ ಚೀಲ ಬರೀ ಚೀಲವಲ್ಲ. ರಬ್ಬರಿನ ಒಳಗೆ ನೂಲಿನ ಹೆಣಿಗೆ ಇರುತ್ತದೆ, ಟೈರಿನಲ್ಲಿ ಇರುವ ಹಾಗೆ. ಮೇಲ್ಭಾಗ ಗಾಡಿಯ ಬಾಡಿಗೆ ಬಿಗಿದಿರುತ್ತದೆ. ಕೆಳಗೆ ಪಿಸ್ಟನ್ ಅನ್ನುವ ಗಟ್ಟಿ ದಿಮ್ಮಿ. ಚಕ್ರ ಮೇಲೆದ್ದಾಗ ರಬ್ಬರ್ ಆ ಪಿಸ್ಟನ್ ಮೇಲೆ ಮಡಚಿಕೊಂಡು ಉರುಳುತ್ತದೆ, ಒಳಗಿನ ಗಾಳಿ ಹಿಂಡಿಕೊಳ್ಳುತ್ತದೆ, ಒತ್ತಡ ಏರುತ್ತದೆ, ಚಕ್ರವನ್ನು ವಾಪಸ್ ತಳ್ಳುತ್ತದೆ. ಸ್ಪ್ರಿಂಗ್ ಕೆಲಸ ಅಂದರೆ ಇಷ್ಟೇ.

ಲೆಕ್ಕ ಬೇಕು ಅನ್ನುವವರಿಗೆ ಒಂದು ಉದಾಹರಣೆ. ಹಿಂದಿನ ಒಂದು ಚಕ್ರದ ಮೇಲೆ ಖಾಲಿ ಗಾಡಿಯಲ್ಲಿ 400 ಕೆ.ಜಿ. ಭಾರ ಅನ್ನಿ. ಚೀಲದ ಕೆಲಸಕ್ಕೆ ಬರುವ ಅಗಲ 11 ಸೆಂ.ಮೀ. ಹತ್ತಿರ, ಅಂದರೆ ಸುಮಾರು 95 ಚದರ ಸೆಂ.ಮೀ. ಭಾರ ಹೊರಲು ಬೇಕಾಗುವ ಒತ್ತಡ 4.1 ಬಾರ್. ಈಗ ಮನೆಯವರೆಲ್ಲ ಹತ್ತಿ ಡಿಕ್ಕಿ ತುಂಬಿ ಆ ಮೂಲೆಗೆ 550 ಕೆ.ಜಿ. ಬಿತ್ತು. ಗಾಡಿ ಮೊದಲಿನ ಎತ್ತರದಲ್ಲೇ ನಿಲ್ಲಬೇಕಾದರೆ 5.7 ಬಾರ್ ಬೇಕು. ಕಂಪ್ರೆಸರ್ ಅಷ್ಟು ಗಾಳಿ ತುಂಬುತ್ತದೆ.

ಮಜಾ ಇರುವುದು ಮುಂದೆ. ಗಾಳಿಯ ಒತ್ತಡ ಏರಿದಂತೆ ಆ ಸ್ಪ್ರಿಂಗ್ ತಾನಾಗಿ ಗಡುಸಾಗುತ್ತದೆ. ಚೀಲದಲ್ಲಿ ಎರಡು ಲೀಟರ್ ಜಾಗ ಇದೆ ಅಂದುಕೊಂಡರೆ, ಖಾಲಿ ಇದ್ದಾಗ ಗಾಡಿಯ ಸಹಜ ತೂಗಾಟ ಸೆಕೆಂಡಿಗೆ 1.38 ಸಲ, ತುಂಬಿದಾಗ 1.34 ಸಲ. ಅಂದರೆ ಹೆಚ್ಚುಕಡಿಮೆ ಅಷ್ಟೇ. ಅದೇ ಗಡುಸಿನ ಉಕ್ಕಿನ ಸ್ಪ್ರಿಂಗ್ ಆದರೆ 1.38ರಿಂದ 1.18ಕ್ಕೆ ಇಳಿಯುತ್ತದೆ, ಗಾಡಿ ಹಿಂದೆ ಸುಮಾರು ಐದು ಸೆಂಟಿಮೀಟರ್ ಕುಸಿಯುತ್ತದೆ, ಹೆಡ್‌ಲೈಟ್ ಆಕಾಶ ನೋಡುತ್ತದೆ, ಹಂಪ್ ಬಂದರೆ ತಳ ಹೊಡೆಯುತ್ತದೆ. ಹಾಗಾಗಬಾರದು ಅಂತ ಕಂಪನಿಯವರು ಉಕ್ಕಿನ ಸ್ಪ್ರಿಂಗ್ ಗಡುಸು ಮಾಡಿದರೆ, ಒಬ್ಬರೇ ಹೋಗುವಾಗ ಬೆನ್ನು ಮುರಿಯುತ್ತದೆ. ಎರಡರಲ್ಲಿ ಒಂದನ್ನು ಬಿಡಲೇಬೇಕು. ಗಾಳಿಯಲ್ಲಿ ಬಿಡಬೇಕಾಗಿಲ್ಲ. ಏರ್ ಸಸ್ಪೆನ್ಷನ್ನಿನ ಮುಖ್ಯ ಲಾಭ ಇದು. ತೇಲಿದ ಹಾಗೆ ಹೋಗುತ್ತದೆ ಅನ್ನುವುದೆಲ್ಲ ಆಮೇಲಿನ ಮಾತು.

ಹುಬ್ಬಳ್ಳಿ_ಹೈವೇ

ಚಲೋ ಬರೆದೀರಿ ಸರ್. ಒಂದು ಡೌಟು. ಗುಂಡಿಗೆ ಬಿದ್ದ ಕೂಡಲೇ ಕಂಪ್ರೆಸರ್ ಗಾಳಿ ತುಂಬಿ ಎತ್ತುತ್ತದೋ, ಇಲ್ಲ ಅದು ಬೇರೆಯೋ? ಯೂಟ್ಯೂಬಿನಲ್ಲಿ ಎಲ್ಲರೂ ಹಂಗೇ ಹೇಳುತ್ತಾರೆ.

ಮಂಡ್ಯ_ಮೆಕ್ಯಾನಿಕಲ್

ಇಲ್ರೀ, ಅದು ಬೇರೆ. ಗುಂಡಿಗೆ ಬಿದ್ದು ಏಳುವಷ್ಟರಲ್ಲಿ ಗಾಳಿ ತುಂಬುವ ಶಕ್ತಿ ಆ ಪುಟ್ಟ ಕಂಪ್ರೆಸರ್‌ಗೆ ಎಲ್ಲಿಂದ ಬರಬೇಕು! ಗುಂಡಿಯ ಹೊತ್ತಿಗೆ ವಾಲ್ವುಗಳು ಮುಚ್ಚಿರುತ್ತವೆ. ಚೀಲದಲ್ಲಿ ಆಗಲೇ ಇರುವ ಗಾಳಿಯೇ ಹಿಂಡಿಕೊಂಡು ಹಿಗ್ಗುತ್ತದೆ. ಸೈಕಲ್ ಪಂಪಿನ ಬಾಯಿ ಬೆರಳಿನಿಂದ ಮುಚ್ಚಿ ಹಿಡಿ ಒತ್ತಿ ನೋಡಿ. ಮೊದಲು ಮೆತ್ತಗೆ ಹೋಗುತ್ತದೆ, ಕೊನೆಗೆ ಕಲ್ಲಿನಂತೆ ನಿಲ್ಲುತ್ತದೆ. ಚೀಲದ್ದೂ ಅದೇ ಗುಣ. ಸಣ್ಣ ಏರುತಗ್ಗಿಗೆ ಮೆತ್ತಗೆ, ದೊಡ್ಡ ಗುಂಡಿಗೆ ಗಟ್ಟಿ.

ಕಂಪ್ರೆಸರ್ ಕೆಲಸ ಎತ್ತರ ಕಾಯುವುದು. ಪ್ರತಿ ಚಕ್ರದ ಆರ್ಮ್‌ಗೆ ಒಂದು ಸಣ್ಣ ಕಡ್ಡಿ, ಅದರ ತುದಿಗೆ ಹೈಟ್ ಸೆನ್ಸರ್. ಚಕ್ರದಿಂದ ಬಾಡಿ ಎಷ್ಟು ದೂರ ಇದೆ ಅಂತ ಅದು ಇಸಿಯುಗೆ, ಅಂದರೆ ಕಾರಿನ ಕಂಪ್ಯೂಟರ್‌ಗೆ, ಹೇಳುತ್ತಲೇ ಇರುತ್ತದೆ. ಇಸಿಯು ಪ್ರತಿ ಕುಲುಕಾಟಕ್ಕೂ ಓಡಿ ಬರುವುದಿಲ್ಲ. ಸ್ವಲ್ಪ ಹೊತ್ತಿನ ಸರಾಸರಿ ನೋಡುತ್ತದೆ. ನಾಲ್ಕು ಜನ ಹತ್ತಿದರು, ಗಾಡಿ ನಿಜವಾಗಿಯೂ ತಗ್ಗಿದೆ ಅಂತ ಖಾತ್ರಿಯಾದ ಮೇಲೆ ವಾಲ್ವುಗಳೆಲ್ಲ ಕೂತಿರುವ ವಾಲ್ವ್ ಬ್ಲಾಕಿನಲ್ಲಿ ಆ ಮೂಲೆಯ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ತೆರೆದು ಗಾಳಿ ಬಿಡುತ್ತದೆ. ರಿಸರ್ವಾಯರ್ ಟ್ಯಾಂಕ್ ಇರುವ ಕಾರಿನಲ್ಲಿ ಮೊದಲು ಅಲ್ಲಿಂದ, ಅದು ಸಾಲದಿದ್ದರೆ ಕಂಪ್ರೆಸರ್‌ನಿಂದ.

ಅದೇ ಸಾಮಾನು ಇಟ್ಟುಕೊಂಡು ಬೇರೆ ಆಟಗಳನ್ನೂ ಆಡಿಸುತ್ತಾರೆ. ಹೈವೇಯಲ್ಲಿ ವೇಗ ಹೆಚ್ಚಾದರೆ ಗಾಡಿಯನ್ನು ಒಂದೆರಡು ಸೆಂಟಿಮೀಟರ್ ಇಳಿಸಿ ಗಾಳಿಯ ತಡೆ ಕಡಿಮೆ ಮಾಡುವುದು, ಕೆಟ್ಟ ದಾರಿಯಲ್ಲಿ ಎತ್ತುವುದು. ರೇಂಜ್ ರೋವರ್‌ನಲ್ಲಿ ಜನ ಹತ್ತಿ ಇಳಿಯಲು ಐದು ಸೆಂಟಿಮೀಟರ್ ತಗ್ಗಿಸುವ ಎತ್ತರ ಬೇರೆ ಇದೆ.

ಡಿಪೋ_ಹಿರಿಯ

ಬಸ್ಸಿನ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಡಿಪೋದಲ್ಲಿ ಬಸ್ಸಿನ ಕೆಳಗೆ ಮಲಗಿಯೇ ತಲೆ ಬೆಳ್ಳಗಾಗಿದೆ.

ಬಸ್ಸಿನಲ್ಲಿ ಗಾಳಿ ಇರುವುದು ಸಸ್ಪೆನ್ಷನ್‌ಗೋಸ್ಕರ ಅಲ್ಲ. ಬ್ರೇಕಿಗೋಸ್ಕರ. ಇಂಜಿನ್ನಿಗೇ ಕಟ್ಟಿದ ಕಂಪ್ರೆಸರ್, ಇಂಜಿನ್ ಓಡುವಷ್ಟು ಹೊತ್ತೂ ತಿರುಗುತ್ತಲೇ ಇರುತ್ತದೆ. ಟ್ಯಾಂಕ್ ತುಂಬಿದರೆ ಅದು ಸುಮ್ಮನೆ ತಿರುಗುತ್ತದೆ, ಒತ್ತಡ ಇಳಿದರೆ ಮತ್ತೆ ತುಂಬುತ್ತದೆ. ಆ ಗಾಳಿಯಲ್ಲಿ ಮೊದಲ ಪಾಲು ಬ್ರೇಕಿಗೆ. ನಡುವೆ ಪ್ರೊಟೆಕ್ಷನ್ ವಾಲ್ವ್ ಕೂತಿರುತ್ತದೆ, ಬ್ರೇಕ್ ಟ್ಯಾಂಕು ತುಂಬದೆ ಬೆಲ್ಲೋಗಳಿಗೆ ಬಿಡುವುದಿಲ್ಲ. ಬೆಲ್ಲೋದಲ್ಲಿ ಸಣ್ಣ ಸೋರಿಕೆ ಇದ್ದರೂ ಕಂಪ್ರೆಸರ್‌ಗೆ ಲೆಕ್ಕಕ್ಕಿಲ್ಲ. ಅದಕ್ಕೆ ದಿನವೂ ಇದ್ದದ್ದೇ ಕೆಲಸ.

ಎತ್ತರ ನೋಡಲು ಹಳೆಯ ಬಸ್ಸುಗಳಲ್ಲಿ ಕಂಪ್ಯೂಟರ್ ಇಲ್ಲ. ಲೆವೆಲಿಂಗ್ ವಾಲ್ವ್ ಅಂತ ಇದೆ. ವಾಲ್ವ್ ಚಾಸಿಗೆ, ಅದರ ಲಿವರ್ ಕಡ್ಡಿ ಆಕ್ಸಲ್‌ಗೆ. ಜನ ಹತ್ತಿ ಬಾಡಿ ತಗ್ಗಿದರೆ ಲಿವರ್ ಮೇಲಕ್ಕೆ ಹೋಗುತ್ತದೆ, ಗಾಳಿ ಒಳಗೆ. ಜನ ಇಳಿದರೆ ಲಿವರ್ ಕೆಳಗೆ, ಗಾಳಿ ಹೊರಗೆ. ಸ್ಪಾನರ್ ಹಿಡಿಯಲು ಬರುವವನು ಯಾರು ಬೇಕಾದರೂ ಸರಿಮಾಡಬಹುದು. ಸಿಟಿಯ ಲೋ ಫ್ಲೋರ್ ಬಸ್ಸಿಗೆ ಎಲೆಕ್ಟ್ರಾನಿಕ್ ಬಂತು. 2006ರಲ್ಲಿ ಬಿಎಂಟಿಸಿ ವೋಲ್ವೋ ಬಿಟ್ಟಾಗ ಸ್ಟಾಪಿನಲ್ಲಿ ಬಾಗಿಲ ಕಡೆ ಬಾಗಿ ನಿಲ್ಲುವುದನ್ನು ನೋಡಲು ಜನ ನಿಂತುಬಿಡುತ್ತಿದ್ದರು. ಆ ಕಡೆಯ ಬೆಲ್ಲೋಗಳಿಂದ ಗಾಳಿ ಬಿಡುವುದು, ಬಾಗಿಲು ಮುಚ್ಚಿದ ಮೇಲೆ ತುಂಬುವುದು, ಅದರಲ್ಲಿ ಮಂತ್ರ ಏನಿಲ್ಲ.

ಮುಂದೆ ಎರಡು, ಹಿಂದೆ ನಾಲ್ಕು ಬೆಲ್ಲೋ. ದಪ್ಪ ರಬ್ಬರ್. ಪಿಟ್‌ಗೆ ಇಳಿದರೆ ಕೈಗೆ ಸಿಗುವ ಜಾಗದಲ್ಲಿ ಇರುತ್ತವೆ, ಬಿರುಕು ಬಂದರೆ ಕಣ್ಣಿಗೆ ಕಾಣುತ್ತದೆ. ಇನ್ನೊಂದು ಮಾತು. ಲೀಫ್ ಸ್ಪ್ರಿಂಗ್ ಇದ್ದ ಕಾಲದಲ್ಲಿ ಪಟ್ಟಿಯೇ ಭಾರ ಹೊರುತ್ತಿತ್ತು, ಆಕ್ಸಲ್ಲನ್ನೂ ಜಾಗದಲ್ಲಿ ಹಿಡಿಯುತ್ತಿತ್ತು. ಗಾಳಿ ಚೀಲಕ್ಕೆ ಆಕ್ಸಲ್ ಹಿಡಿಯಲು ಬರುವುದಿಲ್ಲ. ಅದಕ್ಕೇ ಏರ್ ಬಸ್ಸಿನಲ್ಲಿ ರೇಡಿಯಸ್ ರಾಡ್‌ಗಳು ಬೇರೆ ಇರುತ್ತವೆ. ಅವುಗಳ ಬುಷ್ ಸವೆದು ಸದ್ದು ಬಂದರೂ ಡ್ರೈವರ್‌ಗಳು ಬೆಲ್ಲೋ ಹೋಗಿದೆ ಅಂತಲೇ ಬರೆದು ಕೊಡುತ್ತಾರೆ!

ರಾತ್ರಿ ನಿಲ್ಲಿಸಿದ ಬಸ್ಸು ಬೆಳಿಗ್ಗೆ ಕೂತಿರುತ್ತದೆ, ಅದನ್ನು ಯಾರೂ ರೋಗ ಅನ್ನುವುದಿಲ್ಲ. ಡ್ರೈವರ್ ಸ್ಟಾರ್ಟ್ ಮಾಡುತ್ತಾನೆ, ಬಜರ್ ಬಡಿದುಕೊಳ್ಳುತ್ತದೆ, ಗಾಳಿ ಏರಿದ ಮೇಲೆ ಬಸ್ಸು ಏಳುತ್ತದೆ. ಕಾರು ಅಷ್ಟೇ ಕೂತರೆ ಮಾತ್ರ ಗಾಬರಿ.

ಹಾಸನದ_ಹೊಸಬ

ಡಿಪೋ ಸರ್, ಕಾರಿನಲ್ಲೂ ಕೂತರೆ ಏಳಲಿ ಬಿಡಿ ಅನ್ನಬಹುದಲ್ಲ? ಕಂಪ್ರೆಸರ್ ಇದ್ದೇ ಇದೆ.

ಕರಾವಳಿ_ಗ್ಯಾರೇಜ್

ಅಲ್ಲೇ ಕೆಡುವುದು ಮಾರಾಯ್ರೆ. ನಮ್ಮಲ್ಲಿಗೆ ಬರುವ ಏರ್ ಸಸ್ಪೆನ್ಷನ್ ಕಾರುಗಳಲ್ಲಿ ಹೆಚ್ಚಿನವು "ಕಂಪ್ರೆಸರ್ ಹೋಗಿದೆ" ಅಂತ ಬರುತ್ತವೆ. ಮಾಲೀಕರು ಎರಡನೇ ಕಂಪ್ರೆಸರ್ ಹಾಕಿಸಿಕೊಂಡು ಬಂದದ್ದೂ ಉಂಟು. ಕಂಪ್ರೆಸರ್ ತಾನಾಗಿ ಸತ್ತದ್ದು ಕಡಿಮೆ. ಸೋರಿಕೆ ಅದನ್ನು ಕೊಂದಿರುತ್ತದೆ.

ಕಾರಿನ ಕಂಪ್ರೆಸರ್ ಬ್ಯಾಟರಿಯಲ್ಲಿ ಓಡುವ ಸಣ್ಣ ಮೋಟಾರು. ಕೆಲವೇ ನಿಮಿಷ ಓಡಿ ಆಮೇಲೆ ತಣ್ಣಗಾಗಲು ಬಿಡುವು ಬೇಕು, ಹಾಗೆಯೇ ಮಾಡಿದ್ದಾರೆ. ಜಾಸ್ತಿ ಬಿಸಿಯಾದರೆ ಇಸಿಯು ಅದನ್ನು ಆಫ್ ಮಾಡುತ್ತದೆ. ಸೋರಿಕೆ ಇಲ್ಲದಿದ್ದರೆ ದಿನದಲ್ಲಿ ಅದಕ್ಕೆ ಕೆಲಸವೇ ಇಲ್ಲ ಅನ್ನಬಹುದು. ಸೋರಿಕೆ ಬಂತು ಅನ್ನಿ, ಪ್ರತಿ ಸಲ ಬಾಗಿಲು ತೆಗೆದಾಗ, ಪ್ರತಿ ಸಿಗ್ನಲ್ಲಿನಲ್ಲಿ ಅದು ಓಡಬೇಕು. ಕಂಪ್ರೆಸರ್ ಒಳಗಿನ ಪಿಸ್ಟನ್ ರಿಂಗ್ ಸವೆಯುತ್ತದೆ, ಒತ್ತಡ ಏರುವುದು ನಿಧಾನವಾಗುತ್ತದೆ, ಆಗ ಇನ್ನೂ ಜಾಸ್ತಿ ಹೊತ್ತು ಓಡುತ್ತದೆ. ಕೊನೆಗೆ ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್ಚು, ಅಂದರೆ ರಿಲೇ, ಅದರ ಕಾಂಟ್ಯಾಕ್ಟ್ ಅಂಟಿಕೊಂಡು ಕಂಪ್ರೆಸರ್ ನಿಲ್ಲುವುದೇ ಇಲ್ಲ. ರಾತ್ರಿಯಿಡೀ ಓಡಿ ಬ್ಯಾಟರಿಯನ್ನೂ ತಿಂದು ಸುಟ್ಟುಹೋಗುತ್ತದೆ.

ಇನ್ನೊಂದು ವಿಷಯ ಉಂಟು, ಇದನ್ನು ಯಾರೂ ಹೇಳುವುದಿಲ್ಲ. ಡ್ರೈಯರ್. ಕಂಪ್ರೆಸರ್ ಪಕ್ಕದಲ್ಲೇ ಒಂದು ಡಬ್ಬಿ, ಒಳಗೆ ಸಿಲಿಕಾ ಜೆಲ್‌ನಂಥ ತೇವ ಹೀರುವ ಕಾಳು. ಹೊರಗಿನ ಗಾಳಿಯ ತೇವವನ್ನು ಅದು ಹಿಡಿದುಕೊಳ್ಳುತ್ತದೆ. ಹೊರಗಿನ ಗಾಳಿ ಎಳೆದು ಹೊರಗೇ ಬಿಡುವ ಸಾಮಾನ್ಯ ಓಪನ್ ಸಿಸ್ಟಮ್‌ನಲ್ಲಿ ಗಾಡಿ ತಗ್ಗುವಾಗ ಚೀಲದ ಒಣ ಗಾಳಿ ಅದೇ ಡಬ್ಬಿಯ ಮೂಲಕ ಹೊರಗೆ ಹೋಗುತ್ತದೆ, ಹೋಗುವಾಗ ಕಾಳಿನ ತೇವವನ್ನು ಹೊತ್ತುಕೊಂಡು ಹೋಗುತ್ತದೆ. ಹೀಗೆ ಡ್ರೈಯರ್ ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. ಚೀಲದಲ್ಲಿ ತೂತು ಬಿದ್ದರೆ? ಗಾಳಿ ಬರುವುದು ಡ್ರೈಯರ್ ಮೂಲಕ, ಹೋಗುವುದು ತೂತಿನ ಮೂಲಕ. ಕಾಳು ಒಣಗುವುದೇ ಇಲ್ಲ. ನಮ್ಮ ಮಂಗಳೂರಿನ ಮಳೆಗಾಲದ ಗಾಳಿ ಹೇಗಿರುತ್ತದೆ ಗೊತ್ತುಂಟಲ್ಲ, ಸ್ವಲ್ಪ ದಿನದಲ್ಲೇ ಕಾಳು ನೆನೆದು ಪುಡಿಯಾಗಿ ನೀರೂ ಪುಡಿಯೂ ಸೇರಿ ವಾಲ್ವ್ ಬ್ಲಾಕಿಗೆ ಇಳಿಯುತ್ತದೆ. ಅಲ್ಲಿ ಸೊಲೆನಾಯ್ಡ್ ಸರಿಯಾಗಿ ಮುಚ್ಚುವುದಿಲ್ಲ. ಮತ್ತೊಂದು ಸೋರಿಕೆ.

ಸೋರಿಕೆ ಶುರುವಾದ ಮೊದಲ ದಿನವೇ ಬಂದಿದ್ದರೆ ಒಂದು ಪೈಪಿನ ಜಾಯಿಂಟ್, ಒಂದು ಓ-ರಿಂಗ್. ಆರು ತಿಂಗಳು ಬಿಟ್ಟು ಬಂದರೆ ಕಂಪ್ರೆಸರ್, ಡ್ರೈಯರ್, ರಿಲೇ, ವಾಲ್ವ್ ಬ್ಲಾಕ್. ಡಿಪೋದವರು ಹೇಳಿದ ಬಸ್ಸಿಗೂ ಕಾರಿಗೂ ಇರುವ ವ್ಯತ್ಯಾಸ ಇದೇ. ಬಸ್ಸಿಗೆ ಸೋರಿಕೆ ಜೀರ್ಣವಾಗುತ್ತದೆ, ಕಾರಿಗೆ ಆಗುವುದಿಲ್ಲ.

ಡಿಪೋ_ಹಿರಿಯ

ಸರಿಯಾಗಿ ಹೇಳಿದಿರಿ. ಡ್ರೈಯರ್ ವಿಷಯ ಬಸ್ಸಿಗೂ ಅಷ್ಟೇ. ಗಾಳಿ ಟ್ಯಾಂಕಿನ ಕೆಳಗೆ ನೀರು ಬಿಡುವ ರಿಂಗ್ ಎಳೆದಾಗ ಬರೀ ಗಾಳಿ ಬಂದರೆ ಡ್ರೈಯರ್ ಚೆನ್ನಾಗಿದೆ, ನೀರು ಬಂದರೆ ಕಾರ್ಟ್ರಿಜ್ ಬದಲಿಸುವ ಹೊತ್ತಾಯಿತು. ಕಾರಿನಲ್ಲಿ ಎಳೆಯಲು ರಿಂಗೇ ಇಲ್ಲ, ಪಾಪ.

ಇತಿಹಾಸ_ಇಂಜಿನ್

ಬಸ್ಸಿಗೆ ಸರಿ, ಕಾರಿಗೆ ಕಷ್ಟ ಅನ್ನುವುದು ಹಳೇ ಕಥೆ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್‌ನ ಬಸ್ಸುಗಳಿಗೆ 1950ರ ದಶಕದ ಶುರುವಿನಲ್ಲೇ ಏರ್ ಸಸ್ಪೆನ್ಷನ್ ಬಂತು. 1954ರ ಗ್ರೇಹೌಂಡ್ ಸೀನಿಕ್ರೂಸರ್ ಬಸ್ಸಿನಲ್ಲೂ ಇತ್ತು. ಬಸ್ಸಲ್ಲಿ ಗೆದ್ದದ್ದನ್ನು ಕಾರಿಗೆ ತಂದರು. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್‌ಗೆ ಕೊಟ್ಟರು, 1958ರಲ್ಲಿ ತಮ್ಮ ಬೇರೆ ಕಾರುಗಳಿಗೂ ಆಪ್ಷನ್ ಮಾಡಿದರು. ಸೋರಿಕೆ, ಬೆಳಿಗ್ಗೆ ಕೂತ ಕಾರು, ಇದೇ ಗೋಳು. ಎಷ್ಟೋ ಮಾಲೀಕರು ಕಿತ್ತುಹಾಕಿ ಕಾಯಿಲ್ ಸ್ಪ್ರಿಂಗ್ ಹಾಕಿಸಿಕೊಂಡರು. ಕಂಪನಿಯೂ ಬೇಗ ಕೈಬಿಟ್ಟಿತು.

ಮರ್ಸಿಡಿಸ್ 1961ರ 300 ಎಸ್‌ಇಯಲ್ಲಿ ಏರ್ ಸಸ್ಪೆನ್ಷನ್ ಕೊಟ್ಟಿತು. ಎಲೆಕ್ಟ್ರಾನಿಕ್ ಬಂದಿದ್ದು 1984ರ ಲಿಂಕನ್ ಮಾರ್ಕ್ ಸೆವೆನ್‌ನಲ್ಲಿ. ರೇಂಜ್ ರೋವರ್‌ಗೆ 1990ರ ದಶಕದ ಆರಂಭದಲ್ಲಿ, ಎಸ್-ಕ್ಲಾಸ್‌ಗೆ ಏರ್‌ಮ್ಯಾಟಿಕ್ ಹೆಸರಿನಲ್ಲಿ 1998ರಲ್ಲಿ.

ಹುಬ್ಬಳ್ಳಿ_ಹೈವೇ

ಸಿಟ್ರೊಯೆನ್ ಡಿಎಸ್ ಬಿಟ್ಟೀರಲ್ರೀ. 1955ರಲ್ಲೇ ಕಾರು ತಾನಾಗಿ ಎದ್ದು ನಿಲ್ಲುತ್ತಿತ್ತು!

ಇತಿಹಾಸ_ಇಂಜಿನ್

ಬೇಕಂತಲೇ ಬಿಟ್ಟಿದ್ದು. ಅದು ಹೈಡ್ರೋನ್ಯೂಮ್ಯಾಟಿಕ್. ಗೋಳದಲ್ಲಿ ನೈಟ್ರೋಜನ್ ಖಾಯಂ ಆಗಿ ಮುಚ್ಚಿಟ್ಟಿರುತ್ತದೆ, ಎತ್ತರ ಬದಲಿಸುವುದು ಎಣ್ಣೆ ಪಂಪ್ ಮಾಡಿ. ಇಲ್ಲಿ ನಾವು ಮಾತಾಡುತ್ತಿರುವುದರಲ್ಲಿ ಗಾಳಿಯನ್ನೇ ತುಂಬಿ ತೆಗೆಯುತ್ತಾರೆ. ಓಡಿಸುವವರಿಗೆ ಎರಡೂ ಒಂದೇ ಥರ ಅನಿಸಬಹುದು, ರಿಪೇರಿ ಮಾಡುವವರಿಗೆ ಬೇರೆ ಬೇರೆ ಲೋಕ.

ಟ್ಯಾಕ್ಸಿ_ಟ್ರಿಪ್

ನೋಡಿ, 1958ರಲ್ಲೇ ಅಮೆರಿಕದವರು ಕಿತ್ತುಹಾಕಿದ್ದಾರೆ. ನಾನು ಹೇಳಿದ್ದೂ ಅದೇ. ಗಾಡಿ ತಗೊಂಡರೆ ಮೊದಲ ದಿನವೇ ಕಾಯಿಲ್ ಸ್ಪ್ರಿಂಗ್ ಕನ್ವರ್ಷನ್ ಮಾಡಿಸಿ, ಕಥೆ ಮುಗಿಯಿತು.

ಮಂಡ್ಯ_ಮೆಕ್ಯಾನಿಕಲ್

ಮುಗಿಯುವುದಿಲ್ಲ ಸರ್, ಬೇರೆ ಕಥೆ ಶುರುವಾಗುತ್ತದೆ. ಸ್ಪ್ರಿಂಗ್ ಆ ಗಾಡಿಯ ಭಾರಕ್ಕೆ ಸರಿಯಾಗಿ ಹೊಂದಬೇಕು. ಸಿಗುವ ಕಿಟ್ ಖಾಲಿ ಗಾಡಿಗೆ ಹೊಂದಿದರೆ ಏಳು ಜನ ಕೂತಾಗ ತಗ್ಗುತ್ತದೆ, ಏಳು ಜನಕ್ಕೆ ಹೊಂದಿದರೆ ಖಾಲಿ ಇದ್ದಾಗ ಎಗರುತ್ತದೆ. ಇಸಿಯುಗೆ ಸೆನ್ಸರ್‌ಗಳು ಹೇಳುವುದಕ್ಕೂ ತಾನು ಮಾಡುವುದಕ್ಕೂ ತಾಳೆಯಾಗದೆ ಎಚ್ಚರಿಕೆ ದೀಪ ಉರಿಯುತ್ತದೆ. ಅದನ್ನು ಆರಿಸಲು ಇನ್ನೊಂದು ಡಬ್ಬಿ ಹಾಕುತ್ತಾರೆ. ಕೆಲವು ಕಾರುಗಳಲ್ಲಿ ಶಾಕ್ ಅಬ್ಸಾರ್ಬರ್ ಗಡುಸು ಬದಲಿಸುವುದೂ ಇದೇ ಇಸಿಯು, ಅದೂ ಮಂಕಾಗುತ್ತದೆ. ಸಾಮಾನು ಸಿಗದ ತುಂಬಾ ಹಳೇ ಗಾಡಿಗೆ ಒಪ್ಪುತ್ತೇನೆ. ಒಂದು ಓ-ರಿಂಗ್ ಸೋರಿದ ಗಾಡಿಗೆ ಅಲ್ಲ.

ಕಾನೂನನ್ನೂ ನೋಡಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಡಾಖಂಡಿತ ಹೇಳಿದೆ. ಹ್ಯಾಚ್‌ಬ್ಯಾಕಿಗೆ ಹೊರಗಿನಿಂದ ಏರ್ ಬ್ಯಾಗ್ ಹಾಕಿ ನೆಲಕ್ಕೆ ಮಲಗಿಸುವ ಹುಡುಗರೂ ಇದನ್ನು ಓದಿಕೊಂಡರೆ ಒಳ್ಳೆಯದು.

ಪುತ್ತೂರು_ಪಯಣಿಗ

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ಜಾಹೀರಾತಿನಲ್ಲಿ ಮೂರು ಚೇಂಬರ್, ಎರಡು ಚೇಂಬರ್ ಅಂತಾರಲ್ಲ, ಅದೇನು?

ಮಂಡ್ಯ_ಮೆಕ್ಯಾನಿಕಲ್

ಗಾಳಿಗೆ ಇರುವ ಜಾಗ ಚಿಕ್ಕದಾದಷ್ಟೂ ಸ್ಪ್ರಿಂಗ್ ಗಡುಸು, ದೊಡ್ಡದಾದಷ್ಟೂ ಮೆತ್ತಗೆ. 2016ರ ಪೋರ್ಷೆ ಪನಮೇರಾದಲ್ಲಿ ಪ್ರತಿ ಚಕ್ರಕ್ಕೂ ಮೂರು ಕೋಣೆ ಕೊಟ್ಟರು. ಮೂರೂ ತೆರೆದಿದ್ದರೆ ಗಾಡಿ ಮೆತ್ತಗೆ ಹೋಗುತ್ತದೆ. ಸ್ಪೋರ್ಟ್ ಮೋಡ್ ಒತ್ತಿದರೆ ವಾಲ್ವ್ ಮುಚ್ಚಿ ಕೋಣೆಗಳು ಬೇರೆಯಾಗುತ್ತವೆ, ಜಾಗ ಕಡಿಮೆ, ಗಾಡಿ ಗಡುಸು. ಎತ್ತರ ಬದಲಿಸದೆ ಗಡುಸು ಬದಲಿಸಲು ಇದು ಚಂದದ ದಾರಿ. ಒಂದೇ ಕೋಣೆಯ ಚೀಲದಲ್ಲಿ ಆಗುವುದಿಲ್ಲ, ಅಲ್ಲಿ ಗಾಳಿ ತುಂಬಿದರೆ ಗಾಡಿಯೇ ಮೇಲೇಳುತ್ತದೆ.

ಹಾಸನದ_ಹೊಸಬ

ಎಲ್ಲ ಅರ್ಥವಾಗುತ್ತಾ ಬಂತು. ಈ ವಾರ ಗಾಡಿ ನೋಡಲು ಹೋಗುತ್ತಿದ್ದೇನೆ. ಏನೇನು ನೋಡಬೇಕು?

ಕರಾವಳಿ_ಗ್ಯಾರೇಜ್

ಮಾರುವವರು ಗಾಡಿ ಸ್ಟಾರ್ಟ್ ಮಾಡಿ, ಎತ್ತರಕ್ಕೆ ನಿಲ್ಲಿಸಿ, ತೊಳೆದು ಕಾಯುತ್ತಿರುತ್ತಾರೆ. ಅದನ್ನು ನೋಡಿ ಏನೂ ಗೊತ್ತಾಗುವುದಿಲ್ಲ. ಒಂದು ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಲು ಕೇಳಿ. ನಿಲ್ಲಿಸಿದ ಮೇಲೆ ಟೇಪ್ ಹಿಡಿದು ನಾಲ್ಕೂ ಕಡೆ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳತೆ ಬರೆದುಕೊಳ್ಳಿ. ಬೆಳಿಗ್ಗೆ ಹೋಗಿ ಮತ್ತೆ ಅಳೆಯಿರಿ, ಆದರೆ ಬಾಗಿಲು ತೆಗೆಯುವ ಮೊದಲು. ಬಾಗಿಲು ತೆಗೆದರೆ ಸಾಕು, ಇಸಿಯು ಎಚ್ಚರವಾಗಿ ಗಾಳಿ ಸರಿಮಾಡುವ ಕಾರುಗಳು ತುಂಬಾ ಇವೆ.

ಒಂದೇ ಮೂಲೆ ಬಿದ್ದಿದ್ದರೆ ಆ ಚೀಲ ಅಥವಾ ಅದರ ಪೈಪು. ಮುಂದಿನ ಎರಡೂ ಸಮವಾಗಿ ಬಿದ್ದಿದ್ದರೆ ವಾಲ್ವ್ ಬ್ಲಾಕಿನ ಮೇಲೆ ಅನುಮಾನ ಪಡಿ. ಮೂಲೆ ಬೀಳದೆ ಗಾಡಿ ಓರೆಯಾಗಿ ನಿಲ್ಲುತ್ತಿದ್ದರೆ ಸೆನ್ಸರ್ ಕಡ್ಡಿ ಮುರಿದಿರಬಹುದು. ಅದು ಸಣ್ಣ ಕೆಲಸ, ಖುಷಿಪಡಿ.

ಆಮೇಲೆ ಸ್ಟಾರ್ಟ್ ಮಾಡಿ ಕಿವಿ ಕೊಡಿ. ತಗ್ಗಿನಿಂದ ಎತ್ತರಕ್ಕೆ ಏರಲು ತುಂಬಾ ಹೊತ್ತು ತೆಗೆದುಕೊಂಡರೆ, ಕಂಪ್ರೆಸರ್ ಕಿರುಚಿದ ಹಾಗೆ ಸದ್ದು ಮಾಡಿದರೆ, ಅದರ ಆಯುಷ್ಯ ಮುಗಿಯುತ್ತಾ ಬಂದಿದೆ. ಎತ್ತರದ ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ ಟಾರ್ಚ್ ಹಿಡಿದು ಚೀಲದ ಕೆಳಗಿನ ಮಡಿಕೆ ನೋಡಿ. ಬಿರುಕು ಬರುವುದು ಅಲ್ಲೇ. ಕಾರಿನ ಚೀಲದ ರಬ್ಬರ್ ಬಹಳ ತೆಳು, ಎರಡು ಮಿಲಿಮೀಟರ್ ಆಸುಪಾಸು. ಸಣ್ಣ ಕುಲುಕಾಟವೂ ಗೊತ್ತಾಗಬಾರದು ಅಂತಲೇ ತೆಳು ಮಾಡುತ್ತಾರೆ. ಮಡಿಕೆಯ ಸಂದಿಗೆ ಮರಳು ಹೊಕ್ಕರೆ ಉಜ್ಜಿ ಉಜ್ಜಿ ಸವೆಯುತ್ತದೆ. ಸೋಪು ನೀರು ಸ್ಪ್ರೇ ಮಾಡಿ, ನೊರೆ ಎದ್ದ ಜಾಗವೇ ತೂತು. ಹಳೇ ವಿಧಾನ, ಆದರೂ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಇನ್ನು ಇಲಿ. ನಗಬೇಡಿ. ಗಾಳಿಯ ಪೈಪು ಪ್ಲಾಸ್ಟಿಕ್ಕಿನದ್ದು.

ಮಂಡ್ಯ_ಮೆಕ್ಯಾನಿಕಲ್

ಅಳತೆ ತೆಗೆಯುವಾಗ ಒಂದು ಎಚ್ಚರ. ಮಧ್ಯಾಹ್ನ 30 ಡಿಗ್ರಿ ಇದ್ದದ್ದು ಬೆಳಗಿನ ಜಾವ ಹಾಸನದಲ್ಲಿ 18ಕ್ಕೆ ಇಳಿದರೆ ಚೀಲದೊಳಗಿನ ಗಾಳಿ ನೂರಕ್ಕೆ ನಾಲ್ಕರಷ್ಟು ಕುಗ್ಗುತ್ತದೆ. ನಾನು ಮೇಲೆ ಹಿಡಿದ ಲೆಕ್ಕದ ಚೀಲದಲ್ಲಿ ಅದು ಏಳೆಂಟು ಮಿಲಿಮೀಟರ್. ಸೋರಿಕೆಯೇ ಇಲ್ಲದ ಗಾಡಿಯೂ ಅಷ್ಟು ತಗ್ಗುತ್ತದೆ. ನಾಲ್ಕೂ ಮೂಲೆ ಹೆಚ್ಚುಕಡಿಮೆ ಸಮವಾಗಿ ಅಷ್ಟು ಇಳಿದಿದ್ದರೆ ಗಾಬರಿ ಬೇಡ. ಒಂದೇ ಮೂಲೆ ನಾಲ್ಕೈದು ಸೆಂಟಿಮೀಟರ್ ಇಳಿದಿದ್ದರೆ ಅದು ಚಳಿಯಲ್ಲ.

ಹುಬ್ಬಳ್ಳಿ_ಹೈವೇ

ಇಷ್ಟೆಲ್ಲ ಓದಿದ ಮೇಲೆ ನನ್ನ ಬೊಲೆರೊ ಮೇಲೆ ಪ್ರೀತಿ ಜಾಸ್ತಿ ಆಯಿತು ನೋಡ್ರಿ. ಹಿಂದೆ ಪಟ್ಟಿ, ಮೇಲೆ ದೇವರು.

ಹಾಸನದ_ಹೊಸಬ

ಹೋಗಿ ಬಂದೆ. ಮಾಲೀಕರು ಒಳ್ಳೆಯವರು, ರಾತ್ರಿ ನಿಲ್ಲಿಸಲು ಒಪ್ಪಿದರು. ಮುಂದಿನ ಎಡ ಮೂಲೆ ಬೆಳಿಗ್ಗೆ ಆರು ಸೆಂಟಿಮೀಟರ್ ಕೆಳಗಿತ್ತು. ಉಳಿದ ಮೂರೂ ಒಂದು ಸೆಂಟಿಮೀಟರಿನ ಒಳಗೇ. ಸ್ಟಾರ್ಟ್ ಮಾಡಿದರೆ ಎದ್ದಿತು, ಸ್ವಲ್ಪ ಹೊತ್ತು ತೆಗೆದುಕೊಂಡಿತು, ಆದರೆ ಕಂಪ್ರೆಸರ್ ಸದ್ದು ಕಿರುಚಾಟದ ಹಾಗಿರಲಿಲ್ಲ. ಸೋಪು ನೀರಿಗೆ ಚೀಲದ ಮಡಿಕೆಯಲ್ಲಿ ನೊರೆ ಬರಲಿಲ್ಲ, ಸ್ಟ್ರಟ್ಟಿನ ತಲೆಯಲ್ಲಿ ಪೈಪು ಸೇರುವ ಕಡೆ ಬಂತು. ಅಲ್ಲೇ ಒಂದು ಗ್ಯಾರೇಜಿನಲ್ಲಿ ತೋರಿಸಿದರೆ "ಎರಡೂ ಸ್ಟ್ರಟ್, ಕಂಪ್ರೆಸರ್, ಎಲ್ಲಾ ಬದಲಿಸಬೇಕು" ಅಂತ ಲಕ್ಷಗಳಲ್ಲಿ ಲೆಕ್ಕ ಕೊಟ್ಟರು. ಆ ಕಾಗದ ನೋಡಿ ಮಾಲೀಕರೇ ಬೆಲೆ ಇಳಿಸಲು ರೆಡಿ. ನಾನು ಏನು ಮಾಡಲಿ?

ಕರಾವಳಿ_ಗ್ಯಾರೇಜ್

ಆ ಕಾಗದ ಜೋಪಾನ, ಚೌಕಾಸಿಗೆ ಬೇಕು. ಕೆಲಸ ಅದರಂತೆ ಮಾಡಿಸಬೇಡಿ.

ನೊರೆ ಬಂದದ್ದು ಜಾಯಿಂಟಿನಲ್ಲಿ. ಮೊದಲು ಆ ಫಿಟಿಂಗ್ ಬಿಚ್ಚಿಸಿ, ಪೈಪಿನ ತುದಿ ನೇರವಾಗಿ ಕತ್ತರಿಸಿ, ಹೊಸ ಫಿಟಿಂಗ್ ಹಾಕಿಸಿ. ಬಿಚ್ಚುವ ಮೊದಲು ಆ ಮೂಲೆಯ ಗಾಳಿ ಪೂರ್ತಿ ಇಳಿಸಬೇಕು, ಸ್ಕ್ಯಾನರ್ ಇರುವವರಿಗೆ ಗೊತ್ತಿರುತ್ತದೆ. ಮತ್ತೆ ಒಂದು ರಾತ್ರಿ ನಿಲ್ಲಿಸಿ ಅಳೆಯಿರಿ. ಎತ್ತರ ಹಾಗೇ ನಿಂತರೆ ಚೀಲ ಮುಟ್ಟುವುದೇ ಬೇಡ. ನಿಲ್ಲದಿದ್ದರೆ ಸ್ಟ್ರಟ್ ಬದಲಿಸಿ, ಬದಲಿಸುವುದಾದರೆ ಮುಂದಿನ ಎರಡನ್ನೂ ಒಟ್ಟಿಗೆ, ಯಾಕೆಂದರೆ ಬಲಗಡೆಯದ್ದಕ್ಕೂ ಅಷ್ಟೇ ವಯಸ್ಸು. ಕಂಪ್ರೆಸರ್ ಈಗ ಬೇಡ, ಆದರೆ ಡ್ರೈಯರ್ ಮತ್ತು ರಿಲೇ ಬದಲಿಸಿಬಿಡಿ. ಸೋರಿಕೆ ಎಷ್ಟು ದಿನದಿಂದ ಇತ್ತು ಅಂತ ಮಾಲೀಕರಿಗೂ ಗೊತ್ತಿರುವುದಿಲ್ಲ.

ಡಿಪೋ_ಹಿರಿಯ

ಇದನ್ನು ಸೇರಿಸುತ್ತೇನೆ. ಪಂಚರ್ ಆದಾಗ ಜಾಕ್ ಕೊಡುವ ಮೊದಲು ಕಾರಿನ ಮೆನುವಿನಲ್ಲಿ ಜಾಕ್ ಮೋಡ್ ಹಾಕಿ. ಇಲ್ಲದಿದ್ದರೆ ಚಕ್ರ ಕೆಳಗೆ ಇಳಿಬಿದ್ದದ್ದನ್ನು ನೋಡಿ ಗಾಡಿ ಎತ್ತರ ಜಾಸ್ತಿಯಾಯಿತು ಅಂದುಕೊಂಡು ಇಸಿಯು ಗಾಳಿ ಬಿಡಲು ಶುರುಮಾಡಬಹುದು. ಕಾರಿನ ಕೆಳಗೆ ನುಗ್ಗುವ ಕೆಲಸ ಇದ್ದರೆ ಬರೀ ಗಾಳಿಯನ್ನೋ ಜಾಕನ್ನೋ ನಂಬಿ ಹೋಗಬೇಡಿ. ಗಾಡಿಯ ಬಾಡಿ ಕೆಳಗೆ ಸ್ಟ್ಯಾಂಡ್ ಕೊಟ್ಟೇ ಹೋಗಿ. ಡಿಪೋದಲ್ಲಿ ಹೊಸ ಹುಡುಗ ಬಂದರೆ ಮೊದಲು ಹೇಳಿಕೊಡುವುದು ಇದನ್ನೇ. ಬೆಲ್ಲೋ ಒಂದು ಸಲ ಒಡೆದರೆ ಚಾಸಿ ಕೆಳಗೆ ಬರಲು ಕಣ್ಣು ಮುಚ್ಚಿ ತೆಗೆಯುವಷ್ಟೂ ಹೊತ್ತು ಬೇಡ.

ಟ್ಯಾಕ್ಸಿ_ಟ್ರಿಪ್

ಫಿಟಿಂಗ್ ಹಾಕಿಸಿದ ಮೇಲೆ ಬೆಳಗಿನ ಅಳತೆ ಇಲ್ಲಿ ಹಾಕಿ. ನಾನಿನ್ನೂ ಇನ್ನೋವಾ ಪಕ್ಷವೇ, ಆದರೂ ನೋಡಬೇಕು.